ಜೋಡಿ ಮಾತ್ರೆಯ ಇಪ್ಪತ್ತೊಂದು ದಿನ

೬ ಮಾರ್ಚ್ ೨೦೨೫, ಗುರುವಾರ

ಇವರನ್ನು ಇಂದು ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಮಗಳು ರತ್ನ ಕಾರು ನಡೆಸಿದಳು. ನಮ್ಮ ಬಡಾವಣೆ ಬ್ರಿಕ್‌ಫೀಲ್ಡ್ಸಿನ ಹೂವಿನ ಅಂಗಡಿಗಳ ಸಾಲು ಕಂಡಾಗ ಇವರು ಎಡಗೈ ಎತ್ತಿ ನನಗೆ ತೋರಿಸಿದರು. ಮಾತಿಲ್ಲ.

ಸೋಮವಾರ ನಡೆದುದನ್ನು ಕ್ರಮವಾಗಿ ಬರೆದಿಡುತ್ತೇನೆ. ಬೆಳಿಗ್ಗೆ ಆರೂವರೆಗೆ ಕಾಫಿಯ ಲೋಟ ಇವರ ಬಲಗೈಯಿಂದ ಜಾರಿತು. "ನೋಡಿಕೊಂಡು ಹಿಡಿಯಬಾರದೇ?" ಎಂದು ನಾನು ಗದರಿದೆ. ಉತ್ತರಿಸಲು ಬಾಯಿ ತೆರೆದರು. ಶಬ್ದ ಬಂತು, ಮಾತು ಬರಲಿಲ್ಲ. ನಲವತ್ತೇಳು ವರ್ಷಗಳ ದಾಂಪತ್ಯದಲ್ಲಿ ನನ್ನ ಗದರಿಕೆಗೆ ಈ ಮನುಷ್ಯ ಎದುರು ಮಾತಾಡದೆ ಉಳಿದದ್ದು ಅದೇ ಮೊದಲು.

ಮೆದುಳಿನ ಎಡಭಾಗದ ಕಿರುನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. "ಮೈನರ್ ಸ್ಟ್ರೋಕ್" ಎಂದರು ವೈದ್ಯೆ ಸಾಲೆಹಾ. ಮಲಯ ಹೆಂಗಸು, ನನ್ನ ಮಗಳ ವಯಸ್ಸು, ತಾಳ್ಮೆಯಿಂದ ವಿವರಿಸಿದರು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಿರುಕಣಗಳಿವೆ. ಗಾಯವಾದಾಗ ಒಂದಕ್ಕೊಂದು ಅಂಟಿಕೊಂಡು ರಕ್ತ ಸೋರದಂತೆ ತಡೆಯುತ್ತವೆ. ಬೇಡದ ಕಡೆ ಅಂಟಿಕೊಂಡರೆ ಹೀಗಾಗುತ್ತದೆ. ಅದನ್ನು ತಡೆಯಲು ಎರಡು ಮಾತ್ರೆ, ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್. ಎರಡೂ ಬೇರೆ ಬೇರೆ ದಾರಿಯಿಂದ ಹೋಗಿ ಒಂದೇ ಕೆಲಸ ಮಾಡುತ್ತವೆ. ಜೋಡಿಯಾಗಿ ಇಪ್ಪತ್ತೊಂದು ದಿನ ಮಾತ್ರ. ಆನಂತರ ಒಂದೇ ಮಾತ್ರೆ, ಬದುಕಿರುವವರೆಗೆ.

"ಎರಡನ್ನೂ ಕೊನೆಯವರೆಗೆ ಕೊಡಬಾರದೇಕೆ?" ಎಂದು ಕೇಳಿದೆ.

ಮೊದಲ ಮೂರು ವಾರ ಇನ್ನೊಂದು ಸ್ಟ್ರೋಕಿನ ಭಯ ದೊಡ್ಡದು, ಆಮೇಲೆ ರಕ್ತಸ್ರಾವದ ಭಯ ದೊಡ್ಡದು ಎಂದರು. ಅಚ್ಚುಕಟ್ಟಾದ ಉತ್ತರ. ನನ್ನ ತರಗತಿಯಲ್ಲಿದ್ದಿದ್ದರೆ ಪೂರ್ಣಾಂಕ ಕೊಡುತ್ತಿದ್ದೆ.

ಈ ಮೊದಲು ಯಾವ ಔಷಧ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದರು. ಕೊಬ್ಬಿಗಾಗಿ ಒಂದು ಕ್ಯಾಪ್ಸೂಲ್, ಬೇರೇನೂ ಇಲ್ಲ ಎಂದು ಪೂರ್ಣ ಇಂಗ್ಲಿಷ್ ವಾಕ್ಯದಲ್ಲಿ ಉತ್ತರಿಸಿದೆ. ರತ್ನ ನಡುವೆ ಬಾಯಿ ಹಾಕಲಿಲ್ಲ. ಈ ಮನೆಯಲ್ಲಿ ಔಷಧದ ಹೊಣೆ ನನ್ನದು.

ಮೊಮ್ಮಗಳು ಧೃತಿ ಬಳಸದೆ ಬಿಟ್ಟಿದ್ದ ಗೆರೆಪುಸ್ತಕದಲ್ಲಿ ಮಾತ್ರೆಗಳ ಹಾಜರಿ ಪುಸ್ತಕ ತೆರೆದಿದ್ದೇನೆ. ಎಡಕ್ಕೆ ಹೆಸರುಗಳು, ಮೇಲೆ ದಿನಾಂಕಗಳು. ಕೊಟ್ಟ ಕೂಡಲೇ "ಹಾ" ಎಂದು ಗುರುತು. ಮೂವತ್ತಾರು ವರ್ಷಗಳಲ್ಲಿ ನನ್ನ ಹಾಜರಿಯಲ್ಲಿ ಒಂದೂ ತಿದ್ದುಪಡಿ ಇರಲಿಲ್ಲ.

ಇಂದು ನಾಲ್ಕನೆಯ ದಿನ.

೯ ಮಾರ್ಚ್, ಭಾನುವಾರ

ಮನೆ ಇಷ್ಟು ನಿಶ್ಶಬ್ದವಾಗಿರಬಲ್ಲದು ಎಂದು ತಿಳಿದಿರಲಿಲ್ಲ.

ಒಂದೂವರೆ ವರ್ಷದಿಂದ ನಾವು ಇಲ್ಲಿ, ಮಲೇಶಿಯಾದ ಮಗಳ ಮನೆಯಲ್ಲಿದ್ದೇವೆ. ಇಷ್ಟೂ ದಿನ ಇವರು ಸಂಜೆ ಐದಕ್ಕೆ ಕೆಳಗಿಳಿದು, ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ಆರೂವರೆಗೆ ಸುದ್ದಿಯ ಮೂಟೆ ಹೊತ್ತು ಬರುತ್ತಿದ್ದರು. "ಮೇಷ್ಟ್ರಮ್ಮ, ಇವತ್ತೇನಾತು ಗೊತ್ತಾ?" ಎಂಬುದು ಪೀಠಿಕೆ. ಗಿಳಿಶಾಸ್ತ್ರದವನ ಗಿಳಿಗೆ ನೆಗಡಿಯಾದದ್ದು, ಸೀರೆ ಅಂಗಡಿಯ ತಮಿಳು ಮುದುಕ ಗೊಂಬೆಗೆ ಸೀರೆ ಉಡಿಸುವಾಗ ಕಣ್ಣು ಮುಚ್ಚಿಕೊಳ್ಳುವುದು. ನಾನು ಪುಸ್ತಕದಿಂದ ತಲೆ ಎತ್ತದೆ, "ಇವತ್ತೇನಾತು ಅಲ್ಲ, ಇವತ್ತೇನಾಯಿತು" ಎನ್ನುತ್ತಿದ್ದೆ. "ಹಂಗೇ ಅನ್ಕೋ, ಕತೆ ಕೇಳು" ಎಂದು ಮುಂದುವರಿಸುತ್ತಿದ್ದರು. ಎಷ್ಟು ಕತೆಗಳ ಕೊನೆಯನ್ನು ನಾನು ಕೇಳಿಸಿಕೊಂಡಿದ್ದೇನೆ? ಲೆಕ್ಕ ಹಾಕಲು ಯತ್ನಿಸಿದೆ. ಗಿಳಿಗೆ ವಾಸಿಯಾಯಿತೋ ಇಲ್ಲವೋ ನನಗೆ ತಿಳಿಯದು.

ಇಂದು ಆರೂವರೆಗೆ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಕೆಳಗೆ ನೋಡುತ್ತಿದ್ದರು. ಒಮ್ಮೆ ನಕ್ಕರು. ಏಕೆಂದು ಕೇಳಿದೆ. ತುಟಿ ಚಲಿಸಿತು, ಎಡಗೈ ಗಾಳಿಯಲ್ಲಿ ಏನನ್ನೋ ಬರೆಯಿತು, ಕೊನೆಗೆ ಕೈ ತೊಡೆಯ ಮೇಲೆ ಬಿತ್ತು. ನಾನು ಬಗ್ಗಿ ನೋಡುವಷ್ಟರಲ್ಲಿ ಕೆಳಗೆ ನಗುವಂಥದ್ದು ಏನೂ ಉಳಿದಿರಲಿಲ್ಲ.

೧೧ ಮಾರ್ಚ್, ಮಂಗಳವಾರ

ಒಂದು ವಿಷಯವನ್ನು ಇಲ್ಲಿ ದಾಖಲಿಸಬೇಕು.

ಆಸ್ಪತ್ರೆಯಿಂದ ಹೊರಡುವಾಗ ಅಲ್ಲಿನ ದಾದಿಯೊಬ್ಬಳು ರತ್ನಳಿಗೆ, "ಹಳೆಯ ಔಷಧ ಎಲ್ಲ ನಿಲ್ಲಿಸಿ, ನಾವು ಕೊಟ್ಟದ್ದು ಮಾತ್ರ" ಎಂದಳಂತೆ. ರತ್ನ ಅದನ್ನೇ ನನಗೆ ಒಪ್ಪಿಸಿದಳು.

ಇವರ ಕ್ಯಾಪ್ಸೂಲನ್ನು ಬರೆದುಕೊಟ್ಟವನು ಡಾಕ್ಟರ್ ಮಹಿತ್. ಸಿರಾದ ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ವಿದ್ಯಾರ್ಥಿ. ಈಗ ತುಮಕೂರಿನಲ್ಲಿ ಅವನ ಕೈಗುಣಕ್ಕೆ ಜನ ಸಾಲು ನಿಲ್ಲುತ್ತಾರೆ. "ಮೇಡಂ, ಈ ಕ್ಯಾಪ್ಸೂಲ್ ಒಂದು ದಿನಾನೂ ತಪ್ಪಬಾರದು" ಎಂದು ಅವನು ನನ್ನ ಕೈ ಹಿಡಿದು ಹೇಳಿದ್ದಾನೆ. ಊರಿನಿಂದ ಯಾರೇ ಈ ಕಡೆಗೆ ವಿಮಾನ ಹತ್ತಲಿ, ಅವರ ಪೆಟ್ಟಿಗೆಯಲ್ಲಿ ಹಪ್ಪಳ, ಹುರಿಗಾಳುಗಳ ನಡುವೆ ಇವರ ಕ್ಯಾಪ್ಸೂಲಿನ ಪೊಟ್ಟಣ ಬಂದೇ ಬರುತ್ತದೆ. ಇಲ್ಲಿನ ನಮ್ಮವರೆಲ್ಲರ ಮನೆಯ ಕಪಾಟಿನಲ್ಲೂ ಹೀಗೆ ಬಂದ ಔಷಧವೇ ತುಂಬಿದೆ. ಊರಿನದು ನಮ್ಮ ಮೈಗೆ ಹಿಡಿದದ್ದು ಎಂಬ ನಂಬಿಕೆ.

ಗುರುತು ಪರಿಚಯವಿಲ್ಲದ ದಾದಿಯ ಒಂದು ಮಾತಿಗೆ ಮಹಿತನ ಔಷಧವನ್ನು ನಿಲ್ಲಿಸಲಾರೆ. ರತ್ನ ಕಚೇರಿಗೆ ಹೋದ ಮೇಲೆ, ಒಂಬತ್ತು ಗಂಟೆಗೆ ಕೊಡುತ್ತಿದ್ದೇನೆ. ಅವಳಿಗೆ ಹೇಳಿಲ್ಲ, ಹೇಳಿದರೆ ವಾದ. ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ "ಊರಿನ ಕ್ಯಾಪ್ಸೂಲ್" ಎಂದೇ ಬರೆದಿದ್ದೇನೆ. ಬಚ್ಚಿಡುವಂಥದ್ದೇನಿಲ್ಲ.

೧೩ ಮಾರ್ಚ್, ಗುರುವಾರ

ಇವರು ಇಂದು ಮಾತನಾಡಿದರು! ಎರಡು ಬಾರಿ!

ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಪ್ಸೂಲನ್ನು ಕೈಗಿಟ್ಟೆ. ನೋಡಿದರು. ತಟ್ಟೆಯ ಮೇಲೆ ಇಟ್ಟುಬಿಟ್ಟರು. ಮತ್ತೆ ಕೊಟ್ಟೆ. ನನ್ನ ಕೈಯನ್ನು ಸರಿಸಿ, ಹತ್ತು ದಿನಗಳ ನಂತರ ಮೊದಲ ಬಾರಿಗೆ ಸ್ಪಷ್ಟವಾಗಿ, "ಬ್ಯಾಡ" ಎಂದರು.

ನನಗೆ ಕಣ್ಣು ತುಂಬಿಬಂತು. "ಬ್ಯಾಡ ಅಲ್ಲ, ಬೇಡ ಅನ್ನಿ, ಬೇಡ" ಎಂದೆ. "ಬ್ಯಾಡ" ಎಂದರು ಇನ್ನೊಮ್ಮೆ. ಮಗುವಿನ ಮೊದಲ ಮಾತನ್ನು ಕೇಳಿದ ತಾಯಿಯಂತೆ ನಗುತ್ತ, ಗಲ್ಲ ಹಿಡಿದು ಕ್ಯಾಪ್ಸೂಲನ್ನು ಬಾಯಿಗೆ ಹಾಕಿ ನೀರು ಕುಡಿಸಿದೆ. ಪುಸ್ತಕದಲ್ಲಿ "ಹಾ" ಬರೆದು ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದೆ.

ಮಧ್ಯಾಹ್ನ ವಾಕ್‌ಚಿಕಿತ್ಸೆ. ಚಿಕಿತ್ಸಕಿ ತಮಿಳಿನವಳು. ಎಣಿಸಲು ಹೇಳಿದಳು; ಇವರು ನಾಲ್ಕರಲ್ಲಿ ನಿಂತರು. ವಾರಗಳ ಹೆಸರು ಮಂಗಳವಾರ ದಾಟಲಿಲ್ಲ. "ಬಾಯಿಪಾಠವಾಗಿರುವುದು ಬೇರೇನಾದರೂ ಇದೆಯೇ? ಪ್ರಾರ್ಥನೆ? ಪದ್ಯ?" ಎಂದು ಕೇಳಿದಳು. ರತ್ನಳೇ, "ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ರು. ತುಮಕೂರು-ಸಿರಾ ರೂಟ್" ಎಂದಳು.

"ತುಮಕೂರು..." ಎಂದು ಅವಳು ಆರಂಭಿಸಿಕೊಟ್ಟಳು.

ಇವರ ಬೆನ್ನು ನೆಟ್ಟಗಾಯಿತು. "ಕೋರ, ನೆಲಹಾಳ್, ಸೀಬಿ, ಕಳ್ಳಂಬೆಳ್ಳ, ಸಿರಾ ಸಿರಾ ಸಿರಾ! ಇಳ್ಕಳ್ರಿ, ಬಾಕ್ಲು ಬಿಡ್ರಿ!" ಒಂದೇ ಉಸಿರಿಗೆ. ಆ ಕೋಣೆಯಲ್ಲಿ ಕಿಟಕಿಯ ಗಾಜೇ ಅದುರಿದಂತಾಯಿತು. ಪರೀಕ್ಷೆ ಮುಗಿಸಿ ಬೇಗ ಮನೆಗೆ ಬಂದಿದ್ದರಿಂದ ನಮ್ಮೊಡನಿದ್ದ ಧೃತಿ, "ತಾತ, ಸೋ ಪವರ್‌ಫುಲ್ ಲಾ!" ಎಂದು ಚಪ್ಪಾಳೆ ತಟ್ಟಿದಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹೀಗೆ. "ಲಾ ಎಂಬ ಪ್ರತ್ಯಯ ಯಾವ ವ್ಯಾಕರಣದ್ದು?" ಎಂದೆ. "ಮಲೇಶಿಯನ್ ಗ್ರಾಮರ್, ಅಜ್ಜಿ" ಎಂದಳು.

ಇಪ್ಪತ್ತಮೂರರ ಹುಡುಗಿಯಾಗಿ, ಹೊಸ ಕೆಲಸದ ಹೆದರಿಕೆಯಲ್ಲಿ ಆ ಬಸ್ಸಿನ ಕಿಟಕಿಯ ಪಕ್ಕ ಕುಳಿತು, ದಿನಾ ಬೆಳಿಗ್ಗೆ ಆ ಕೂಗನ್ನು ಕೇಳಿಕೊಂಡು ಸಿರಾಕ್ಕೆ ಹೋಗುತ್ತಿದ್ದೆ. ಆ ಕಾಲಕ್ಕೆ ಅದನ್ನು ಒರಟು ಎಂದುಕೊಂಡಿದ್ದೆ.

ಆಮೇಲೆ ಚಿಕಿತ್ಸಕಿ ನನ್ನನ್ನು ತೋರಿಸಿ, "ಇವರು ಯಾರು?" ಎಂದು ಕೇಳಿದಳು. ಇವರು ನನ್ನನ್ನು ಬಹಳ ಹೊತ್ತು ನೋಡಿದರು. ಕಣ್ಣಿನಲ್ಲಿ ಎಲ್ಲವೂ ಇತ್ತು. ಹೆಸರು ಬರಲಿಲ್ಲ.

ಇವರ ಮುಂಗೈಯ ಮೇಲೆ ನೇರಳೆ ಬಣ್ಣದ ಕಲೆಯೊಂದು ಕಂಡಿತು. ಎಲ್ಲಿಯೋ ತಗುಲಿರಬೇಕು.

೧೫ ಮಾರ್ಚ್, ಶನಿವಾರ

ಹದಿಮೂರನೆಯ ದಿನ. ಹಲ್ಲುಜ್ಜಿದ ನೀರಿನಲ್ಲಿ ಸ್ವಲ್ಪ ಕೆಂಪು. ಮಾತ್ರೆಯ ಜೊತೆ ಕೊಟ್ಟ ಹಾಳೆಯಲ್ಲಿ "ವಸಡಿನಿಂದ ಅಲ್ಪ ರಕ್ತ ಬರಬಹುದು" ಎಂದು ಇದೆ. ಹಾಳೆಯನ್ನು ಪೂರ್ತಿ ಓದಿದ್ದೇನೆ.

ಇವರು ಎರಡು ದಿನಗಳಿಂದ ಊಟ ಸೇರದೆ ತಟ್ಟೆ ಸರಿಸುತ್ತಿದ್ದಾರೆ. ಮುಖ ಬಿಳಿಚಿದೆ. ರತ್ನ ಬೀದಿ ಮೂಲೆಯ ಅಂಗಡಿಯಿಂದ ಇವರಿಗೆ ಇಷ್ಟವಾದ ಇಡಿಯಪ್ಪಂ ಕಟ್ಟಿಸಿಕೊಂಡು ಬಂದಳು. ಇಲ್ಲಿಯವರು ಹಾಗೆ ಕಟ್ಟಿಸಿ ತರುವುದನ್ನು ತಪಾವ್ ಎನ್ನುತ್ತಾರೆ, ಅವಳೂ ಹಾಗೆಯೇ ಎನ್ನುತ್ತಾಳೆ. ಅದನ್ನೂ ಮುಟ್ಟಲಿಲ್ಲ.

ಇನ್ನು ಎಂಟು ದಿನ. ಆಮೇಲೆ ಒಂದು ಮಾತ್ರೆ, ನಿಧಾನವಾಗಿ ಮಾತು. ಚಿಕಿತ್ಸಕಿ ಹಾಗೆಂದು ಭರವಸೆ ಕೊಟ್ಟಿದ್ದಾಳೆ. ಕಾಯುವುದು ನನಗೆ ಗೊತ್ತು.

೧೭ ಮಾರ್ಚ್, ಸೋಮವಾರ

ಸ್ನಾನದ ಮನೆಯಲ್ಲಿ ಕುಸಿದರು. ಮಲ ಡಾಂಬರಿನಷ್ಟು ಕಪ್ಪು. ಹೊಟ್ಟೆಯೊಳಗೆ ರಕ್ತ. ಈಗ ಆಸ್ಪತ್ರೆಯಲ್ಲಿದ್ದೇವೆ. ಈ ಪುಸ್ತಕವನ್ನು ಕೈಚೀಲದಲ್ಲಿ ಏಕೆ ಹಾಕಿಕೊಂಡು ಬಂದೆನೋ.

೧೮ ಮಾರ್ಚ್, ಮಂಗಳವಾರ

ಬಾಯಿಯ ಮೂಲಕ ಕೊಳವೆ ಇಳಿಸಿ ನೋಡಿದರು. ಜಠರದಲ್ಲಿ ಹುಣ್ಣು, ಅದರಿಂದ ಒಸರುತ್ತಿದ್ದ ರಕ್ತವನ್ನು ಅಲ್ಲಿಯೇ ನಿಲ್ಲಿಸಿದ್ದಾರೆ. ಎರಡು ಬಾಟಲಿ ರಕ್ತ ಕೊಟ್ಟರು.

ಎರಡೂ ಮಾತ್ರೆಗಳನ್ನು ತಡೆದಿದ್ದಾರೆ. "ಹುಣ್ಣು ಆರಲು ಪ್ಲೇಟ್‌ಲೆಟ್ ಅಂಟಿಕೊಳ್ಳಲೇಬೇಕು" ಎಂದರು ಸಾಲೆಹಾ. ಮೆದುಳಿನ ನಾಳದಲ್ಲಿ ಅವು ಅಂಟಿಕೊಂಡರೆ? ಅವರು, "ಈ ಕೆಲವು ದಿನ ನಾವು ಕಣ್ಣಿಟ್ಟು ನೋಡಬೇಕು, ಅಮ್ಮ" ಎಂದು ನನ್ನ ಭುಜ ಮುಟ್ಟಿದರು.

ಹೊಸದಾಗಿ ಏನಾದರೂ ಕೊಟ್ಟಿರಾ ಎಂದು ಅವರು ಕೇಳಿದಾಗ ರತ್ನ ಅಳುತ್ತ ಒಪ್ಪಿಕೊಂಡಳು. ಶುಕ್ರವಾರ ಮತ್ತು ಶನಿವಾರ ಭುಜದ ನೋವೆಂದು ಇವರು ಸನ್ನೆ ಮಾಡಿದಾಗ, ತನ್ನ ಚೀಲದಲ್ಲಿದ್ದ ನೋವಿನ ಮಾತ್ರೆಯನ್ನು ಒಂದೊಂದು ಕೊಟ್ಟಿದ್ದಳಂತೆ.

ಹೊರಗಿನ ಮೊಗಸಾಲೆಯಲ್ಲಿ ನಾನು ಅವಳನ್ನು ಬಿಡಲಿಲ್ಲ. "ಓದಿದವಳು ನೀನು! ಒಂದು ಮಾತ್ರೆ ಕೊಡುವ ಮುಂಚೆ ಕೇಳಬೇಕೆಂಬ ಪರಿಜ್ಞಾನ ಬೇಡವೇ? ನನ್ನ ಪುಸ್ತಕದಲ್ಲಿ ಬರೆದಿದ್ದೀಯಾ?"

"ಇಲ್ಲಮ್ಮ. ಸಾರಿ. ಅಪ್ಪಂಗೆ ಏನಾದ್ರೂ ಆದ್ರೆ ನಾನೇ ಕಾರಣ."

"ಹೌದು" ಎಂದೆ.

೧೯ ಮಾರ್ಚ್, ಬುಧವಾರ

ಒಂದೂ ಮಾತ್ರೆ ಇಲ್ಲ. ಗಂಟೆಗೊಮ್ಮೆ ಇವರ ಬಲಗೈಯನ್ನು ಹಿಡಿದು "ಒತ್ತಿ" ಎನ್ನುತ್ತೇನೆ. ಒತ್ತುತ್ತಾರೆ. ಮುಖ ನೋಡುತ್ತೇನೆ, ತುಟಿ ಸೊಟ್ಟಗಾಗಿದೆಯೇ ಎಂದು. ಇವರು ನನ್ನ ಮುಖ ನೋಡುತ್ತಾರೆ.

ಒಂದು ವಾಕ್ಯ. ಕರ್ತೃ ಕರ್ಮ ಕ್ರಿಯಾಪದ ಯಾವುದೂ ಸರಿಯಿರಬೇಕಿಲ್ಲ. ಗಿಳಿಯ ಬಗ್ಗೆ ಆಗಲಿ, ಗೊಂಬೆಯ ಬಗ್ಗೆ ಆಗಲಿ. ನಾನು ಪುಸ್ತಕ ಮುಚ್ಚಿಟ್ಟು ಕೇಳುತ್ತೇನೆ.

೨೦ ಮಾರ್ಚ್, ಗುರುವಾರ

ಬರೆಯಲೇಬೇಕು.

ಬಟ್ಟೆ ಬದಲಿಸಲು ಮನೆಗೆ ಬಂದೆ. ಊರಿನ ಕ್ಯಾಪ್ಸೂಲ್ ಎರಡೇ ಉಳಿದಿದ್ದವು. ತರಬೇಕಾಗಿದ್ದವರು ಯುಗಾದಿ ಕಳೆದ ಮೇಲೆ ಬರುವವರು. ಇವರು ಮನೆಗೆ ಮರಳುವ ವೇಳೆಗೆ ಸಿದ್ಧವಿರಲಿ ಎಂದು ಖಾಲಿಯಾಗುತ್ತಿದ್ದ ಕ್ಯಾಪ್ಸೂಲಿನ ಪಟ್ಟಿಯನ್ನು ಹಿಡಿದು ಕೆಳಗಿನ ಔಷಧದ ಅಂಗಡಿಗೆ ಹೋದೆ. ಅಲ್ಲಿ ಔಷಧ ಕೊಡುವ ನಿಶತ್ ಹುಬ್ಬಳ್ಳಿಯವಳು. ಗಂಡ ಪುತ್ರಜಯಾದಲ್ಲಿ ಇಂಜಿನಿಯರ್. ನನ್ನನ್ನು ಕಂಡರೆ ಕನ್ನಡ ಮಾತನಾಡುವ ಆಸೆಗೆ ಎದ್ದು ಬರುತ್ತಾಳೆ. ರಂಜಾನ್ ಉಪವಾಸದಿಂದ ಅವಳ ತುಟಿ ಒಣಗಿತ್ತು.

"ಇದು ಇಲ್ಲೆ ಸಿಗಂಗಿಲ್ರೀ ಅಮ್ಮಾರ. ಇಂಡಿಯಾದ್ದು. ಯಾರಿಗ್ರೀ?"

"ನಮ್ಮ ಯಜಮಾನರಿಗೆ. ಕೊಬ್ಬಿನ ಮಾತ್ರೆ."

ಅವಳು ಪಟ್ಟಿಯನ್ನು ತಿರುಗಿಸಿ ದೀಪಕ್ಕೆ ಹಿಡಿದಳು. "ಕೊಬ್ಬಿಂದು ಅಷ್ಟ ಅಲ್ರೀ. ಇದರಾಗ ಎರಡು ಔಷಧ ಕೂಡಿಸ್ಯಾರ. ಒಂದು ಕೊಬ್ಬಿಂದು, ಇನ್ನೊಂದು ಆಸ್ಪಿರಿನ್. ನಮ್ಮ ಕಡೆ ಎಲ್ಲಾರೂ ಇದನ್ನ ಬರೀತಾರ, ಇಲ್ಲೆ ಬ್ಯಾರೆ ಬ್ಯಾರೆ ಕೊಡ್ತಾರ." ಆಮೇಲೆ ತಲೆ ಎತ್ತಿದಳು. "ಅಜ್ಜಾರಿಗೆ ಸ್ಟ್ರೋಕ್ ಆಗಿತ್ತಲ್ರೀ? ದವಾಖಾನ್ಯಾಗೂ ಆಸ್ಪಿರಿನ್ ಕೊಟ್ಟಿರ್ಬೇಕು. ಅದರ ಜೋಡಿ ಇದನ್ನೂ..."

ಅವಳು ಮುಗಿಸಲಿಲ್ಲ. ನನ್ನ ಮುಖ ಕಂಡಿರಬೇಕು. ಕುರ್ಚಿ ಎಳೆದು ಕೂರಿಸಿದಳು.

ಪಟ್ಟಿಯ ಹಿಂಬದಿಯನ್ನು ನಾನೇ ಓದಿದೆ. ಸಣ್ಣ ಅಕ್ಷರ, ಆದರೆ ಸ್ಪಷ್ಟವಾಗಿಯೇ ಇದೆ. ಉತ್ತರಪತ್ರಿಕೆಯಲ್ಲಿ ಒಂದು ಒತ್ತಕ್ಷರ ಬಿಟ್ಟರೂ ಕೆಂಪುಗೆರೆ ಎಳೆದ ಈ ಕಣ್ಣು, ದಿನಾ ಕೈಯಲ್ಲಿ ಹಿಡಿದ ಪಟ್ಟಿಯನ್ನು ಒಮ್ಮೆಯೂ ತಿರುಗಿಸಿ ಓದಿರಲಿಲ್ಲ. ಆಸ್ಪತ್ರೆಯ ಆಸ್ಪಿರಿನ್ ಒಂದು. ಊರಿನ ಕ್ಯಾಪ್ಸೂಲಿನೊಳಗಿನ ಆಸ್ಪಿರಿನ್ ಇನ್ನೊಂದು. ಜೊತೆಗೆ ಕ್ಲೊಪಿಡೊಗ್ರೆಲ್. ಮಹಿತನಿಗೆ ಒಂದು ದೂರವಾಣಿ ಕರೆ ಮಾಡಿದ್ದರೆ ಅವನೇ ಹೇಳುತ್ತಿದ್ದ.

ಹಾಜರಿ ಪುಸ್ತಕದಲ್ಲಿ ಎಲ್ಲವೂ ಇದೆ, ನನ್ನ ಅಕ್ಷರದಲ್ಲಿ. ಹದಿಮೂರನೆಯ ತಾರೀಖಿಗೆ ನಕ್ಷತ್ರ ಬೇರೆ.

೨೧ ಮಾರ್ಚ್, ಶುಕ್ರವಾರ

ಸಾಲೆಹಾ ಹೇಳಿದರು: ರಕ್ತಸ್ರಾವಕ್ಕೆ ನೋವಿನ ಮಾತ್ರೆಯೇ ಕಾರಣವಿರಬಹುದು, ಅದು ನಿಂತಿರುವುದರಿಂದ, ಉಳಿದ ದಿನಗಳಿಗೆ ಎರಡನ್ನೂ ಮತ್ತೆ ಆರಂಭಿಸಬೇಕೋ, ಒಂದನ್ನೇ ಕೊಡಬೇಕೋ ಎಂದು ನಾಳೆ ನಿರ್ಧರಿಸುತ್ತಾರೆ.

ರತ್ನ ಇಂದೂ ಅತ್ತಳು. ನಾನು ಪಕ್ಕದಲ್ಲಿ ಕುಳಿತಿದ್ದೆ.

೨೨ ಮಾರ್ಚ್, ಶನಿವಾರ

ಹೇಳಿದೆ.

ಸಾಲೆಹಾ ಬರುವ ಮುಂಚೆಯೇ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಹಾಜರಿ ಪುಸ್ತಕ. ರಾತ್ರಿಯೆಲ್ಲ ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು, "ಐ ಗೇವ್. ಮೀ. ನಾಟ್ ಡಾಟರ್."

ಅವರು ಪುಸ್ತಕವನ್ನು ಪುಟ ತಿರುಗಿಸಿ ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಕ್ಯಾಪ್ಸೂಲೋ, ನೋವಿನ ಮಾತ್ರೆಯೋ, ಎರಡೂ ಸೇರಿಯೋ ಹೇಳುವುದು ಅಸಾಧ್ಯ, ಯಾವುದೂ ಇಲ್ಲದೆಯೂ ಈ ವಯಸ್ಸಿನಲ್ಲಿ ಆಗಬಹುದಿತ್ತು ಎಂದರು. "ಆದರೆ ನೀವು ಹೇಳಿದ್ದು ಒಳ್ಳೆಯದಾಯಿತು, ಈಗ ಲೆಕ್ಕ ಸರಿಯಾಯಿತು. ಇನ್ನು ಆಸ್ಪಿರಿನ್ ಬೇಡ. ಕ್ಲೊಪಿಡೊಗ್ರೆಲ್ ಒಂದೇ, ಇಂದಿನಿಂದಲೇ."

ರತ್ನ ನನ್ನ ಹಿಂದೆ ನಿಂತು, ಗುರುವಾರ ಅಂಗಡಿಯಲ್ಲಿ ತಿಳಿದದ್ದೂ ಸೇರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಗುರುವಾರದಿಂದ ಗೊತ್ತಿತ್ತಾ ನಿಂಗೆ?"

"ಹೌದು."

"ಎರಡು ದಿನ ನಾನು ಅಳೋದನ್ನ ನೋಡ್ಕೊಂಡು ಕೂತಿದ್ದೆಯಲ್ಲಮ್ಮ."

ಅವಳು ಕೆಳಗೆ ಹೋದಳು. ಅರ್ಧ ಗಂಟೆಯ ಮೇಲೆ ಎರಡು ಲೋಟ ಚಹಾ ತಂದಳು. ಒಂದನ್ನು ನನ್ನ ಪಕ್ಕದಲ್ಲಿಟ್ಟು, ಇನ್ನೊಂದನ್ನು ಕುಡಿಯುತ್ತ ಕುಳಿತಳು. ಚಹಾ ತೀರಾ ಸಿಹಿಯಾಗಿತ್ತು. ಪೂರ್ತಿ ಕುಡಿದೆ.

೨೫ ಮಾರ್ಚ್, ಮಂಗಳವಾರ

ಮನೆಗೆ ಬಂದರು. ಇಪ್ಪತ್ತೊಂದು ದಿನ ನಿನ್ನೆ ಮೊನ್ನೆಗೆ ಮುಗಿದುಹೋಗಿದೆ, ಯಾರೂ ಎಣಿಸಿರಲಿಲ್ಲ.

ಮಾತ್ರೆಯ ಡಬ್ಬಿಯನ್ನು ರತ್ನಳ ಕೈಗೆ ಕೊಟ್ಟೆ. ಅವಳು ಅದನ್ನು ಇವರ ಮುಂದೆ ಇಟ್ಟಳು. "ಅಪ್ಪ, ಇನ್ಮೇಲೆ ನೀನೇ. ದಿನಕ್ಕೆ ಒಂದು. ಓಕೇನಾ?" ಇವರು ಎಡಗೈಯಿಂದ ಮುಚ್ಚಳ ತಿರುಗಿಸಲು ಐದು ನಿಮಿಷ ಹಿಡಿಯಿತು. ನನ್ನ ಕೈ ಎರಡು ಬಾರಿ ಮುಂದೆ ಹೋಯಿತು. ಎರಡು ಬಾರಿಯೂ ಧೃತಿ, "ಅಜ್ಜಿ, ಹಿ ಕ್ಯಾನ್ ಲಾ" ಎಂದಳು. ಹೌದು ಲಾ, ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಮಾತ್ರೆ ನುಂಗಿ, ನೀರು ಕುಡಿದು, ಲೋಟವನ್ನು ನನ್ನ ಕಡೆ ಚಾಚುತ್ತ, "ಇಗಾ, ಮೇಷ್ಟ್ರಮ್ಮ" ಎಂದರು. ಏನೂ ಆಗಿಲ್ಲವೆಂಬಂತೆ. ನಾನು ಲೋಟ ತೆಗೆದುಕೊಂಡು ಒಳಗೆ ಹೋಗಿ ಬಹಳ ಹೊತ್ತು ತೊಳೆದೆ.

೩೧ ಮಾರ್ಚ್, ಸೋಮವಾರ

ನಿನ್ನೆ ನಮ್ಮ ಯುಗಾದಿ, ಇಂದು ನಿಶತ್‌ಳ ಹಬ್ಬ. ಅವಳು ಸುರಕುಂಬಾದ, ಅಂದರೆ ಅವರ ಹಬ್ಬದ ಶಾವಿಗೆ ಪಾಯಸದ, ಡಬ್ಬಿ ಹಿಡಿದು ಮೇಲೆ ಬಂದಳು. "ಅಜ್ಜಾರ, ಹೆಂಗಿದೀರಿ?" ಎಂದಳು. ಇವರು ಬೆರಳುಗಳಿಂದ "ಸುಮಾರು" ಎಂದು ತೋರಿಸಿ, ಡಬ್ಬಿಯ ಕಡೆ ನೋಡಿ, "ಅದು... ಹಾಲಿಂದಾ?" ಎಂದು ಕೇಳಿದರು. ಎರಡು ಪದ, ಒಂದು ಪ್ರಶ್ನೆ. ಅವಳು ಹೋದ ಮೇಲೆ ಅಷ್ಟನ್ನೂ ಖಾಲಿ ಮಾಡಿದರು.

ನಾನು ಮಾಡಿದ್ದು ಎಲ್ಲರಿಗೂ ತಿಳಿದಿದೆ. ಇವರಿಗೆ ಯಾರೂ ಹೇಳಿಲ್ಲ. ಎಲ್ಲವೂ ಇವರ ತಲೆಯ ಮೇಲಿನಿಂದಲೇ ನಡೆದುಹೋಯಿತು. ನಾನೂ ಹೇಳಿಲ್ಲ. ದಿನಾ ಬೆಳಿಗ್ಗೆ ಇವರು ಒಂದು ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಎರಡೂ ಬದಿ ತಿರುಗಿಸಿ ನೋಡಿ ನುಂಗುತ್ತಾರೆ. ಆಗ ನಾನು ಅಡುಗೆಮನೆಗೆ ಹೋಗುತ್ತೇನೆ.

೨ ಏಪ್ರಿಲ್, ಬುಧವಾರ

ಸಂಜೆ ಬಾಲ್ಕನಿಯಲ್ಲಿ ಕುಳಿತಿದ್ದೆವು. ಕೆಳಗೆ ಮಾನೋರೈಲು ಹೋಯಿತು. ಇವರು ನನ್ನ ಮೊಣಕೈ ತಟ್ಟಿ, "ಹೇಳು" ಎಂದರು.

"ಏನು ಹೇಳಲಿ?"

"ಏನಾ...ರ."

ನನ್ನ ಬಳಿ ಹೇಳಲು ಸುದ್ದಿಯೇ ಇಲ್ಲವೆಂದು ಹೊಳೆಯಿತು. ಒಂದೂವರೆ ವರ್ಷ ಈ ಬೀದಿಯಲ್ಲಿದ್ದು ನಾನು ಏನನ್ನೂ ನೋಡಿಲ್ಲ. ಇದ್ದ ಸುದ್ದಿ ಒಂದೇ. ಅದನ್ನೇ ಹೇಳಿದೆ.

"ರೀ, ಆ ಊರಿನ ಕ್ಯಾಪ್ಸೂಲ್ ಇತ್ತಲ್ಲ. ನಿಲ್ಲಿಸಬೇಕು ಎಂದಿದ್ದರು. ನಾನು ನಿಲ್ಲಿಸಲಿಲ್ಲ. ಅದರಲ್ಲೂ ಆಸ್ಪತ್ರೆಯವರು ಕೊಟ್ಟ ಔಷಧವೇ ಇತ್ತು. ಎರಡೆರಡು ಬಾರಿ ನಿಮ್ಮ ಹೊಟ್ಟೆಗೆ ಹಾಕಿದೆ. ನೀವು ಬ್ಯಾಡ ಅಂದ್ರಿ. ಎರಡು ಸಲ ಅಂದ್ರಿ. ನಿಮ್ಮ ಬಾಯಿಂದ ಮಾತು ಬಂತಲ್ಲ ಅನ್ನೋ ಖುಷಿಗೆ ಅದನ್ನ ತಿದ್ದುತ್ತ ಕೂತೆ, ಏನು ಹೇಳ್ತಿದೀರಿ ಅಂತ ಕೇಳಲಿಲ್ಲ."

ಇವರು ನನ್ನನ್ನು ನೋಡುತ್ತಲೇ ಇದ್ದರು. ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಕೈ ಎತ್ತಿ ತಡೆದರು. ಒಂದು ಬೆರಳು ತೋರಿಸಿದರು.

"ಒಂದ್... ಸೀಟು."

ಎರಡು ಬೆರಳು ಎತ್ತಿದರು. ಆ ಎರಡನೆಯ ಬೆರಳು ಏಳಲು ಹೊತ್ತು ಹಿಡಿಯಿತು, ಅದು ಬಲಗೈ.

"ಎಲ್ಡು... ಟಿಕೀಟು."

ಮುಖದ ಎಡಭಾ‌ಗ ಮೊದಲು ನಕ್ಕಿತು, ಆಮೇಲೆ ಬಲಭಾಗ. ಹೊಟ್ಟೆ ಕುಲುಕಿತು. ಮೂವತ್ತು ವರ್ಷ ಬಸ್ಸಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರನ್ನು ನೋಡಿ ನಕ್ಕ ನಗು ಅದು. ಹಾಗೆ ಸಿಕ್ಕಿಬಿದ್ದು ನಾನು ಎಂದೂ ನೋಡಿರಲಿಲ್ಲ. ನಾನೂ ನಕ್ಕೆ. ಅತ್ತೆನೋ ಏನೋ.

"ದಂಡ" ಎಂದರು. "ಮೇಷ್ಟ್ರಮ್ಮಂಗೆ... ದಂಡ."

"ಕಟ್ತೀನಿ. ಏನು ದಂಡ, ಹೇಳಿ."

ಬಾಯಿ ತೆರೆದರು. ಪದ ಅಲ್ಲಿರಲಿಲ್ಲ. ಕಣ್ಣು ಮುಚ್ಚಿ ಹುಡುಕಿದರು. ಕ ಎಂಬಂತೆ ಗಂಟಲು ಕದಲಿತು. ಕಾಫಿ ಇರಬಹುದು. ಕಡುಬು ಇರಬಹುದು, ನಾನು ಕಡುಬು ಮಾಡಿ ವರ್ಷವಾಯಿತು. ಕೆಳಗೆ ಕರೆದುಕೊಂಡು ಹೋಗು ಎಂದಿರಬಹುದು. ನಾನು ಒಂದನ್ನೂ ಆಡಲಿಲ್ಲ. ಧೃತಿ ಊಟಕ್ಕೆ ಕರೆದಳು. ಇರು ಎಂದು ಕೈ ಮಾಡಿದೆ. ಬೀದಿಯ ದೀಪಗಳು ಹೊತ್ತಿದವು. ಇವರ ಹಣೆ ಗಂಟಿಕ್ಕಿಯೇ ಇತ್ತು, ಆದರೆ ಮುಖದಲ್ಲಿ ದುಃಖವಿರಲಿಲ್ಲ. ಜೇಬಿನಲ್ಲಿ ಇಟ್ಟದ್ದು ಇಲ್ಲೇ ಇರಬೇಕಲ್ಲ ಎಂದು ತಡಕುವವರ ಮುಖ.

ತಂಪು ಗಾಳಿ ಎದ್ದಿತೆಂದು ಇವರಿಗೆ ಹೊದೆಯಲು ಶಾಲು ತರಲು ಒಳಗೆ ಬಂದೆ. ಮರೆತುಹೋದೀತೆಂದು ನಿಂತುಕೊಂಡೇ ಇಷ್ಟು ಗೀಚಿದ್ದೇನೆ. ಶಾಲು ಸಿಕ್ಕಿತು. ಹೋಗುತ್ತೇನೆ. ಆ ಪದ ಬರುವಾಗ ನಾನು ಅಲ್ಲಿರಬೇಕು.